ಕೋಚ್ ಕಣ್ಣಿಗೆ ಬೀಳಲು ಕಾಸೆಷ್ಟು ಬೇಕು?

ಏಪ್ರಿಲ್ ತಿಂಗಳಲ್ಲಿ ಸ್ವೆಟರ್ ಹಾಕಿ, ಅದರ ಮೇಲೊಂದು ಜಾಕೆಟ್ ಏರಿಸಿ, ಕಿವಿಗೆ ಮಫ್ಲರ್ ಸುತ್ತಿಕೊಂಡು ಆಟ ನೋಡುವುದೆಂದರೆ ನಮ್ಮ ಕಡೆಯವರಿಗೆ ನಗು ಬರಬಹುದು. 2025ರ ಬೇಸಿಗೆ ರಜೆಯಲ್ಲಿ ಅಮೆರಿಕದ ಒಹಾಯೊ ರಾಜ್ಯದಲ್ಲಿರುವ ಅಕ್ಕನ ಮಗಳ ಮನೆಗೆ ಹೋಗಿದ್ದಾಗ ನಾನು ಮಾಡಿದ್ದು ಅದನ್ನೇ. ಅವಳ ಮಗ ಹೈಸ್ಕೂಲಿನ ಹನ್ನೊಂದನೇ ತರಗತಿ ಹುಡುಗ. ಶಾಲೆಯ ಬೇಸ್‌ಬಾಲ್ ತಂಡದ ಕ್ಯಾಚರ್. ಅಂದರೆ ನಮ್ಮ ವಿಕೆಟ್ ಕೀಪರ್ ಇದ್ದ ಹಾಗೆ. ಬ್ಯಾಟುಗಾರನ ಹಿಂದೆ ಕುಕ್ಕರುಗಾಲಿನಲ್ಲಿ ಕೂತು, ಎದುರಿನಿಂದ ಬರುವ ಚೆಂಡನ್ನೆಲ್ಲ ಹಿಡಿಯುವ ಕೆಲಸ.

ಹುಡುಗ ಚೆನ್ನಾಗಿಯೇ ಆಡಿದ. ಆದರೆ ಅಲ್ಯೂಮಿನಿಯಂ ಬೆಂಚಿನ ಮೇಲೆ ನಡುಗುತ್ತಾ ಕೂತಿದ್ದ ಅಪ್ಪ-ಅಮ್ಮಂದಿರ ಮಾತೆಲ್ಲ ಆಟದ ಬಗ್ಗೆ ಇರಲಿಲ್ಲ. ಯಾವ ಕ್ಯಾಂಪಿಗೆ ಎಷ್ಟು ಫೀಸು, ಯಾವ ಟೂರ್ನಿಗೆ ಎಷ್ಟು ದೂರ ಕಾರು ಓಡಿಸಬೇಕು, ಹೋಟೆಲ್ ರೂಮಿಗೆ ಎಷ್ಟಾಯಿತು ಎಂಬ ಮಾತೇ. ಮನೆಗೆ ಬರುವಾಗ ಅಕ್ಕನ ಮಗಳು ಕಾರಿನಲ್ಲಿ ಹೇಳಿದಳು: ‘ಮಾವ, ಯಾವುದಾದರೂ ಕಾಲೇಜಿನ ಕೋಚು ಇವನ ಆಟ ಒಂದು ಸಲ ನೋಡಿದರೆ ಸಾಕು ಅಂತ ಕಾಯ್ತಾ ಇದೀವಿ. ನೋಡಿಸೋದಕ್ಕೇ ದುಡ್ಡೆಲ್ಲ ಕರಗ್ತಾ ಇದೆ.’

ಅವಳ ಗಂಡನ ಕೆಲಸ ಹೋಗಿ ಎಂಟು ತಿಂಗಳಾಗಿತ್ತು. ಸದ್ಯಕ್ಕೆ ಎಲ್ಲೋ ಗುತ್ತಿಗೆ ಕೆಲಸ. ಮನೆಸಾಲದ ಕಂತು ನಿಲ್ಲುವುದಿಲ್ಲ. ಚಿಕ್ಕ ಮಗಳು ಬೇರೆ ಇದ್ದಾಳೆ. ಅಂಥದರಲ್ಲಿ ಅವರು ಒಂದು ಖಾಸಗಿ ಸಂಸ್ಥೆಗೆ 1,400 ಡಾಲರ್ ಕಟ್ಟಿದ್ದರು. ಹುಡುಗನ ವಿವರ, ಫೋಟೊ, ವಿಡಿಯೊಗಳನ್ನು ನೂರಾರು ಕೋಚ್‌ಗಳಿಗೆ ಕಳಿಸಿಕೊಡುವುದಾಗಿ ಆ ಸಂಸ್ಥೆ ಮಾತು ಕೊಟ್ಟಿತ್ತು. ಕಳಿಸಿತೋ ಇಲ್ಲವೋ, ಬಂದ ಉತ್ತರ ನಾಲ್ಕು. ನಾಲ್ಕೂ ‘ನಮ್ಮ ಕ್ಯಾಂಪಿಗೆ ಬನ್ನಿ’ ಎನ್ನುವ ಆಹ್ವಾನಗಳು. ಪ್ರತಿ ಕ್ಯಾಂಪಿಗೂ ಬೇರೆ ಫೀಸು!

ನಾನು ಬೇಸ್‌ಬಾಲ್ ಬಲ್ಲವನಲ್ಲ. ಎಂಟನೇ ತರಗತಿಯಿಂದ ಹತ್ತನೇ ತರಗತಿಯವರೆಗೆ ವಿಜ್ಞಾನ ಪಾಠ ಮಾಡುವ ಮೇಷ್ಟ್ರು. ಆದರೆ ಮುಂದಿನ ಐದು ವಾರ ಆ ಮನೆಯ ಊಟದ ಮೇಜಿನ ಮೇಲೆ ಹುಡುಗನೂ ನಾನೂ ಕೂತು ಈ ವ್ಯವಹಾರವನ್ನು ಒಂದು ಪ್ರಯೋಗದಂತೆ ಬಿಡಿಸಿ ನೋಡಿದೆವು. ಈ ಪುರವಣಿ ಓದುವ ಎಷ್ಟೋ ಮನೆಗಳ ಮಗನೋ ಮಗಳೋ ತಂಗಿಯೋ ಆ ದೇಶದಲ್ಲಿದ್ದಾರೆ. ಅವರ ಮಕ್ಕಳ ಕೈಯಲ್ಲಿ ಕ್ರಿಕೆಟ್ ಬ್ಯಾಟಿಲ್ಲ, ಬೇಸ್‌ಬಾಲ್ ಗ್ಲವ್ಸ್ ಇದೆ. ಅವರಿಗೆ ಉಪಯೋಗಕ್ಕೆ ಬಂದೀತೆಂದು ಬರೆಯುತ್ತಿದ್ದೇನೆ.

ಸೀಟು ಎಷ್ಟು, ಹಣ ಎಷ್ಟು?

ಮೊದಲು ಒಂದು ಭ್ರಮೆ ಹರಿಯಬೇಕು. ಮಗ ಬೇಸ್‌ಬಾಲ್ ಆಡಿದರೆ ಕಾಲೇಜು ಪುಕ್ಕಟೆ ಎಂದು ಬಹಳ ಜನ ನಂಬಿದ್ದಾರೆ. ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ದೊಡ್ಡ ಸಂಸ್ಥೆ ಎನ್‌ಸಿಎಎ. ಅದರಲ್ಲಿ ಮೂರು ಡಿವಿಷನ್‌ಗಳು. ಮೊದಲನೇ ಡಿವಿಷನ್‌ನಲ್ಲಿ ಬೇಸ್‌ಬಾಲ್ ಆಡುವ ಕಾಲೇಜುಗಳು ಸುಮಾರು 300. ಟಿವಿಯಲ್ಲಿ ಕಾಣುವುದು ಇವರ ಆಟವೇ. ಆದರೆ ಅಲ್ಲಿಯೂ ಬಹಳ ವರ್ಷಗಳ ಕಾಲ ಒಂದು ತಂಡಕ್ಕೆ ಇದ್ದದ್ದು 11.7 ಪೂರ್ಣ ವಿದ್ಯಾರ್ಥಿವೇತನ ಮಾತ್ರ. ಹನ್ನೊಂದು ಮುಕ್ಕಾಲು ರೊಟ್ಟಿಯನ್ನು ಇಪ್ಪತ್ತೇಳು ಜನ ಹಂಚಿಕೊಂಡಂತೆ! ಅರ್ಧ ಸಿಕ್ಕವನೇ ಅದೃಷ್ಟವಂತ. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ಒಂದು ರಾಜಿಯ ನಂತರ, ಆ ಒಪ್ಪಂದಕ್ಕೆ ಸೇರಿದ ಕಾಲೇಜುಗಳಿಗೆ ಈ ಮಿತಿ ಹೋಯಿತು. ಬದಲಿಗೆ ತಂಡದಲ್ಲಿ 34ಕ್ಕಿಂತ ಹೆಚ್ಚು ಹುಡುಗರು ಇರಕೂಡದೆಂಬ ಮಿತಿ ಬಂತು. ಹಣವಿರುವ ವಿಶ್ವವಿದ್ಯಾಲಯಗಳು ಹೆಚ್ಚು ಕೊಡಬಹುದು ನಿಜ, ಕೂರುವ ಜಾಗ ಮಾತ್ರ ಕಡಿಮೆಯಾಯಿತು.

ಜಾಗ ಕಡಿಮೆಯಾಗಲು ಇನ್ನೂ ಕಾರಣಗಳಿವೆ. ವೃತ್ತಿಪರ ತಂಡಗಳು ಪ್ರತಿವರ್ಷ ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಮೊದಲು 40 ಸುತ್ತುಗಳಿದ್ದವು. 2021ರಿಂದ ಇಪ್ಪತ್ತೇ ಸುತ್ತು. ಮೇಲಕ್ಕೆ ಹೋಗಬೇಕಾಗಿದ್ದವರು ಕಾಲೇಜಿನಲ್ಲೇ ಉಳಿಯುತ್ತಾರೆ. ಜೊತೆಗೆ ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಜಿಗಿಯುವುದು ಈಗ ಬಹಳ ಸುಲಭ. ಹದಿನೆಂಟರ ಹುಡುಗನ ಪೈಪೋಟಿ ಇಪ್ಪತ್ತೆರಡರ ಗಡ್ಡದವನ ಜೊತೆ. ಕೋಚ್‌ಗೆ ಗೆಲುವು ಬೇಕು; ಅವನು ಪಳಗಿದವನನ್ನೇ ಆರಿಸಿದರೆ ತಪ್ಪೆನ್ನುವುದು ಹೇಗೆ?

ಆದರೆ ಆಟ ಅಲ್ಲಿಗೇ ಮುಗಿಯುವುದಿಲ್ಲ. ಎರಡನೇ ಡಿವಿಷನ್, ಮೂರನೇ ಡಿವಿಷನ್, ಎನ್‌ಎಐಎ ಎಂಬ ಇನ್ನೊಂದು ಒಕ್ಕೂಟ, ಎರಡು ವರ್ಷದ ಜೂನಿಯರ್ ಕಾಲೇಜುಗಳು, ಎಲ್ಲ ಸೇರಿದರೆ ದೇಶದಲ್ಲಿ 1,500ಕ್ಕೂ ಹೆಚ್ಚು ತಂಡಗಳಿವೆ. ಮೂರನೇ ಡಿವಿಷನ್‌ನಲ್ಲಿ ಆಟಕ್ಕೆಂದು ಒಂದು ಡಾಲರೂ ಕೊಡುವಂತಿಲ್ಲ. ಓದಿಗೆ ಮತ್ತು ಮನೆಯ ಬಡತನಕ್ಕೆ ಕೊಡಬಹುದು. ಮೂರನೆಯದು ಎಂದು ಮೂಗು ಮುರಿಯಬೇಡಿ. ಅದೇ ಒಹಾಯೊದ ಮರಿಯೆಟ್ಟಾ ಕಾಲೇಜು ಆ ವಿಭಾಗದ ರಾಷ್ಟ್ರೀಯ ಚಾಂಪಿಯನ್‌ಷಿಪ್ ಅನ್ನು ಆರು ಸಲ ಗೆದ್ದಿದೆ. ಇನ್ನು ಜೂನಿಯರ್ ಕಾಲೇಜು ಎಂದರೆ ಕಡಿಮೆ ಫೀಸು, ಎರಡು ವರ್ಷ ಆಡಿ ದೊಡ್ಡ ಕಾಲೇಜಿಗೆ ಹೋಗುವ ದಾರಿ. ಆಲ್ಬರ್ಟ್ ಪುಜೊಲ್ಸ್ 1996ರಲ್ಲಿ ಡೊಮಿನಿಕನ್ ರಿಪಬ್ಲಿಕ್‌ನಿಂದ ಬಂದ ಬಡವರ ಮನೆಯ ಹುಡುಗ. ಆಡಿದ್ದು ಕ್ಯಾನ್ಸಾಸ್ ಸಿಟಿಯ ಮೇಪಲ್ ವುಡ್ಸ್ ಎಂಬ ಕಮ್ಯುನಿಟಿ ಕಾಲೇಜಿಗೆ. 1999ರ ಡ್ರಾಫ್ಟ್‌ನಲ್ಲಿ ಅವನಿಗಿಂತ ಮೊದಲು 401 ಹುಡುಗರ ಹೆಸರು ಕೂಗಿದರು. 2022ರಲ್ಲಿ ನಿವೃತ್ತನಾದಾಗ ಅವನ ಹೋಮ್ ರನ್‌ಗಳು 703.

ಇದರ ಇನ್ನೊಂದು ತುದಿಯೂ ಇದೆ. ತಾಯಿಯ ಕಡೆಯಿಂದ ಭಾರತೀಯ ಮೂಲದ ಕುಮಾರ್ ರಾಕರ್, ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಮೊದಲ ವರ್ಷದಲ್ಲೇ, 2019ರಲ್ಲಿ, ಡ್ಯೂಕ್ ತಂಡಕ್ಕೆ ಒಂದು ಹಿಟ್ ಕೂಡ ಕೊಡದೆ 19 ಮಂದಿಯನ್ನು ಸ್ಟ್ರೈಕ್‌ಔಟ್ ಮಾಡಿದ ಪಿಚರ್. ಅಂಥವರನ್ನು ಹುಡುಕಿಕೊಂಡು ಕೋಚ್‌ಗಳೇ ಬರುತ್ತಾರೆ. ಈ ಲೇಖನ ಅವರಿಗಲ್ಲ.

ಪೈಥಾಗೊರಸ್‌ಗೆ ಫೀಸಿಲ್ಲ

‘ಶೋಕೇಸ್’ ಎಂಬ ಹೆಸರಿನಲ್ಲಿ ನಡೆಯುವ ಪ್ರದರ್ಶನಗಳಿಗೆ ನೂರಾರು ಡಾಲರ್ ಫೀಸು ಕಟ್ಟಿ ಹೋದರೆ ಅಲ್ಲಿ ಏನು ಮಾಡುತ್ತಾರೆ ಎಂದು ಹುಡುಗನನ್ನು ಕೇಳಿದೆ. ಅರವತ್ತು ಗಜ ಓಡಿಸುತ್ತಾರಂತೆ. ಚೆಂಡೆಸೆತದ ವೇಗ ನೋಡುತ್ತಾರಂತೆ. ಬ್ಯಾಟಿನಿಂದ ಚೆಂಡು ಎಷ್ಟು ವೇಗದಲ್ಲಿ ಹಾರಿತೆಂದು ನೋಡುತ್ತಾರಂತೆ. ಕ್ಯಾಚರ್ ಆದರೆ ‘ಪಾಪ್ ಟೈಮ್’ ನೋಡುತ್ತಾರಂತೆ. ಅಂದರೆ ಎಲ್ಲವೂ ಅಳತೆ! ಅಳೆಯುವುದಕ್ಕೆ ಊರೂರು ಸುತ್ತಬೇಕೆ?

ಪಾಪ್ ಟೈಮ್ ಅಂದರೆ ಏನೆಂದು ಹೇಳಿಬಿಡುತ್ತೇನೆ. ಎದುರಾಳಿ ಓಟಗಾರ ಮೊದಲ ಬೇಸ್‌ನಿಂದ ಎರಡನೆಯದಕ್ಕೆ ಕದ್ದು ಓಡುತ್ತಾನೆ. ಕ್ಯಾಚರ್ ಚೆಂಡು ಹಿಡಿದು, ಎದ್ದು, ಎರಡನೇ ಬೇಸ್‌ಗೆ ಎಸೆಯಬೇಕು. ಚೆಂಡು ಅವನ ಗ್ಲವ್ಸ್‌ಗೆ ಬಡಿದ ಕ್ಷಣದಿಂದ ಅಲ್ಲಿರುವವನ ಗ್ಲವ್ಸ್ ಸೇರುವ ತನಕ ಹಿಡಿಯುವ ಹೊತ್ತೇ ಪಾಪ್ ಟೈಮ್. ಎರಡು ಸೆಕೆಂಡು, ಅದಕ್ಕೂ ಕಡಿಮೆ ಇದ್ದರೆ ದೊಡ್ಡ ಕಾಲೇಜುಗಳವರು ಕಿವಿ ನಿಮಿರಿಸುತ್ತಾರೆ. ಬೇಸ್‌ಬಾಲ್ ಅಂಗಳ 90 ಅಡಿ ಬಾಹುವಿನ ಚೌಕ. ಎಸೆತ ಅದರ ಕರ್ಣದ ಮೇಲೆ. ಹತ್ತನೇ ತರಗತಿಯ ಪೈಥಾಗೊರಸ್ ಪ್ರಮೇಯ ನೆನಪಿದ್ದರೆ ಸಾಕು: ಸುಮಾರು 127 ಅಡಿ, ಅಂದರೆ 38.8 ಮೀಟರ್. ನಮ್ಮ ಕ್ರಿಕೆಟ್ ಪಿಚ್ಚಿನ ಹತ್ತಿರ ಹತ್ತಿರ ಎರಡರಷ್ಟು.

ಮನೆ ಹಿಂದಿನ ಪಾರ್ಕಿನಲ್ಲಿ ಟೇಪು ಹಿಡಿದು ಅಳೆದೆವು. ಹುಡುಗನ ಅಪ್ಪ ಸ್ಟಾಪ್‌ವಾಚ್ ಒತ್ತಿದರು. 2.05, 2.31, 1.98, 2.4. ಹೀಗೆ ಒಂದಕ್ಕೊಂದು ಸಂಬಂಧವಿಲ್ಲದ ಲೆಕ್ಕ. ತಪ್ಪು ಹುಡುಗನದಲ್ಲ, ಹೆಬ್ಬೆರಳಿನದು. ಕಣ್ಣು ಕಂಡದ್ದನ್ನು ಬೆರಳು ಒತ್ತಲು ಸುಮಾರು 0.2 ಸೆಕೆಂಡು ಬೇಕು. ಆ ತಡವೂ ಪ್ರತಿ ಸಲ ಒಂದೇ ಅಲ್ಲ. ಇಡೀ ಆಟವೇ ಹತ್ತನೇ ಒಂದು ಸೆಕೆಂಡಿನಲ್ಲಿ ತೀರ್ಮಾನವಾಗುವಾಗ ಇಂಥ ಗಡಿಯಾರ ಯಾರಿಗೆ ಬೇಕು?

ಉಪಾಯ ಹುಡುಗನ ಜೇಬಿನಲ್ಲೇ ಇತ್ತು. ಅವನ ಫೋನಿನ ಸ್ಲೋ ಮೋಷನ್ ಕ್ಯಾಮೆರಾ ಸೆಕೆಂಡಿಗೆ 240 ಚಿತ್ರ ತೆಗೆಯುತ್ತದೆ. ಚೆಂಡು ಗ್ಲವ್ಸ್‌ಗೆ ಬಡಿದ ಚಿತ್ರದಿಂದ ಎಣಿಸುತ್ತಾ ಹೋಗಿ, ಆ ಕಡೆ ಸೇರಿದ ಚಿತ್ರಕ್ಕೆ ನಿಲ್ಲಿಸಿ, 240ರಿಂದ ಭಾಗಿಸಿದರಾಯಿತು. ಒಂದು ಎಸೆತಕ್ಕೆ 540 ಚಿತ್ರ ಬಂದವು: 2.25 ಸೆಕೆಂಡು. ಇಪ್ಪತ್ತು ಎಸೆತ ಎಣಿಸಿ ಸರಾಸರಿ ತೆಗೆದೆವು. ಅದೂ ಅಷ್ಟೇ. ಹುಡುಗನ ಮುಖ ಸಣ್ಣಗಾಯಿತು. ಮೊದಲನೇ ಡಿವಿಷನ್‌ನ ಬಾಗಿಲು ಹಾಕಿದೆ ಎಂದು ಅವನಿಗೆ ಯಾರೂ ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ಹದಿನಾರರ ಹುಡುಗ, ಆ ರಾತ್ರಿ ಊಟ ಬಿಟ್ಟ. ಅವನಮ್ಮ ನನ್ನನ್ನು ನೋಡಿದ ರೀತಿ ನೋಡಿದರೆ ನಾನೇ ಏನೋ ಕಳ್ಳತನ ಮಾಡಿದ ಹಾಗಿತ್ತು.

ಮರುದಿನ ಆ ಚಿತ್ರಗಳನ್ನೇ ಎರಡು ಭಾಗ ಮಾಡಿದೆವು. ಚೆಂಡು ಹಿಡಿದಾಗಿನಿಂದ ಕೈ ಬಿಡುವ ತನಕ ಒಂದು. ಕೈ ಬಿಟ್ಟಾಗಿನಿಂದ ಅಲ್ಲಿ ಸೇರುವ ತನಕ ಇನ್ನೊಂದು. ಮೊದಲನೆಯದು 0.88 ಸೆಕೆಂಡು, ಎರಡನೆಯದು 1.37. 38.8 ಮೀಟರನ್ನು 1.37ರಿಂದ ಭಾಗಿಸಿದರೆ ಸೆಕೆಂಡಿಗೆ 28.3 ಮೀಟರ್, ಗಂಟೆಗೆ ನೂರು ಕಿಲೋಮೀಟರ್ ಮೀರಿದ ಸರಾಸರಿ ವೇಗ. ತೋಳು ಚೆನ್ನಾಗಿಯೇ ಇದೆ! ಸೋಮಾರಿಯಾಗಿರುವುದು ಗ್ಲವ್ಸ್‌ನಿಂದ ಕೈಗೆ ಚೆಂಡು ಬದಲಾಗುವ ಜಾಗ ಮತ್ತು ಪಾದ. ತೋಳಿನ ಬಲ ಬೆಳೆಸಲು ವರ್ಷಗಳು ಬೇಕು. ಕೈ ಬದಲಾಯಿಸುವ ಚುರುಕಿಗೆ ಗೋಡೆಯೂ ಒಂದು ಚೆಂಡೂ ಸಾಕು. ಇಷ್ಟು ದುಡ್ಡು ಸುರಿದ ಯಾವ ಪ್ರದರ್ಶನದಲ್ಲೂ ಅವನಿಗೆ ಈ ವಿಷಯ ಹೇಳಿರಲಿಲ್ಲ; ಚೀಟಿಯಲ್ಲಿ ಒಂದು ಸಂಖ್ಯೆ ಬರೆದು ಕೊಟ್ಟಿದ್ದರು.

ಅಂದ ಹಾಗೆ, ಬ್ಯಾಟಿನ ವಿಷಯದಲ್ಲೂ ವಿಜ್ಞಾನ ಹಣ ಉಳಿಸುತ್ತದೆ. ಅಮೆರಿಕದ ಹೈಸ್ಕೂಲು, ಕಾಲೇಜುಗಳಲ್ಲಿ ಬಳಸುವ ಲೋಹದ ಬ್ಯಾಟುಗಳಿಗೆ ‘ಬಿಬಿಕಾರ್’ ಎಂಬ ಮುದ್ರೆ ಇರಲೇಬೇಕು. ಚೆಂಡು ಬ್ಯಾಟಿಗೆ ಬಡಿದು ಪುಟಿಯುವ ಗುಣಾಂಕ 0.50 ಮೀರಬಾರದೆಂಬ ನಿಯಮ ಅದು. ನಾಲ್ಕು ನೂರು ಡಾಲರಿನ ಹೊಸ ಬ್ಯಾಟಿಗೂ ಪರಿಚಯದವರ ಮಗ ಬಿಟ್ಟುಹೋದ ಹಳೆಯ ಬ್ಯಾಟಿಗೂ ಮಿತಿ ಒಂದೇ. ತೂಕ ಕೈಗೆ ಹೊಂದಬೇಕು, ಬಿರುಕಿರಬಾರದು, ಅಷ್ಟೇ.

ಇಷ್ಟೆಲ್ಲ ಅಳತೆಗೆ ಬೆಲೆ ಇದೆಯೇ ಎಂದು ಕೇಳುವವರಿಗೆ ಒಂದು ನಿಜಕತೆ. 2008ರಲ್ಲಿ ನಮ್ಮ ದೇಶದಲ್ಲಿ ಚೆಂಡೆಸೆಯುವ ಸ್ಪರ್ಧೆಯೊಂದು ನಡೆಯಿತು. ಉತ್ತರ ಪ್ರದೇಶದ ರಿಂಕು ಸಿಂಗ್, ದಿನೇಶ್ ಪಟೇಲ್ ಎಂಬ ಭರ್ಜಿ ಎಸೆತದ ಹುಡುಗರು ಅದರಲ್ಲಿ ಭಾಗವಹಿಸಿದರು. ಬೇಸ್‌ಬಾಲ್ ಎಂದರೇನೆಂದು ಅವರಿಗೆ ಗೊತ್ತಿರಲಿಲ್ಲ. ರಾಡಾರ್ ಗನ್ನಿಗೆ ಗೊತ್ತಿತ್ತು! ಡಾಪ್ಲರ್ ಪರಿಣಾಮದಿಂದ ಕೆಲಸ ಮಾಡುವ ಆ ಪುಟ್ಟ ಯಂತ್ರ ತೋರಿಸಿದ ಸಂಖ್ಯೆಯೇ ಅವರನ್ನು ಅದೇ ವರ್ಷ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಒಪ್ಪಂದದವರೆಗೆ ಕರೆದೊಯ್ಯಿತು.

ಪತ್ರ ಅಪ್ಪ ಬರೆಯಕೂಡದು

ಅಳತೆ ಆಯಿತು. ಇನ್ನು ಯಾರಿಗೆ ತೋರಿಸುವುದು? ಇಲ್ಲಿಯೂ ಕಾಸು ಖರ್ಚಿಲ್ಲದ ದಾರಿಯೊಂದು ಕಂಡಿತು. ಪ್ರತಿ ಕಾಲೇಜೂ ತನ್ನ ತಂಡದ ಪಟ್ಟಿಯನ್ನು ಪ್ರಕಟಿಸುತ್ತದೆ: ಯಾರು ಯಾವ ಸ್ಥಾನದಲ್ಲಿ ಆಡುತ್ತಾರೆ, ಎತ್ತರ ಎಷ್ಟು, ಎಷ್ಟನೇ ವರ್ಷ, ಹಿಂದೆ ಯಾವ ಶಾಲೆ. ಹುಡುಗ ಕಾಲೇಜು ಸೇರುವ ವರ್ಷ ಯಾವ ತಂಡದ ಕ್ಯಾಚರ್‌ಗಳು ಓದು ಮುಗಿಸಿ ಹೋಗುತ್ತಾರೆ? ಅಲ್ಲಿ ಜಾಗ ಖಾಲಿ. ಎಲ್ಲ ಕ್ಯಾಚರ್‌ಗಳೂ ಬೇರೆ ಕಾಲೇಜಿನಿಂದ ಜಿಗಿದು ಬಂದವರೇ? ಅಲ್ಲಿ ಹೊಸಬರಿಗೆ ಮಣೆ ಹಾಕುವುದಿಲ್ಲ. ಹೀಗೆ ಸೋಸಿ ಸೋಸಿ ಮನೆಯಿಂದ ಕಾರಿನಲ್ಲಿ ಹೋಗಿಬರಬಹುದಾದ 28 ಕಾಲೇಜುಗಳ ಪಟ್ಟಿ ಮಾಡಿದೆವು. ಎತ್ತರದ ಕಾಲಂ ನೋಡಿ ಹುಡುಗನಿಗೆ ಸಮಾಧಾನವಾಯಿತು. ಐದಡಿ ಒಂಬತ್ತಂಗುಲದವನು ಅವನೊಬ್ಬನೇ ಅಲ್ಲ.

ಪ್ರತಿ ಕಾಲೇಜಿನ ರಿಕ್ರೂಟಿಂಗ್ ನೋಡಿಕೊಳ್ಳುವ ಸಹಾಯಕ ಕೋಚ್‌ಗೆ ಹುಡುಗನೇ ಇ-ಮೇಲ್ ಬರೆಯಬೇಕು. ಅಪ್ಪನಲ್ಲ. ಅಪ್ಪ ಬರೆದ ಪತ್ರ ಎರಡನೇ ಸಾಲಿಗೇ ಗೊತ್ತಾಗಿಬಿಡುತ್ತದೆ. ಅದರಲ್ಲಿ ವಿಶೇಷಣಗಳು ಜಾಸ್ತಿ. ಮೇಲಿನ ಸಾಲಿನಲ್ಲಿ ಹೆಸರು, ಹೈಸ್ಕೂಲು ಮುಗಿಯುವ ವರ್ಷ, ಸ್ಥಾನ. ಒಳಗೆ ಎತ್ತರ, ತೂಕ, ಅಳತೆಗಳು, ಓದಿನ ಅಂಕ, ಮುಂದಿನ ಪಂದ್ಯಗಳ ದಿನಾಂಕ, ಶಾಲೆಯ ಕೋಚ್‌ನ ಫೋನ್ ನಂಬರು. ಆ ಕಾಲೇಜೇ ಯಾಕೆ ಎಂಬ ಬಗ್ಗೆ ನಿಜವಾದ ಎರಡು ಸಾಲು. ನಮ್ಮ ಹುಡುಗ ಮೊದಲ ದಿನ ಅವಸರದಲ್ಲಿ ಒಂದೇ ಪತ್ರವನ್ನು ನಕಲು ಮಾಡುತ್ತಾ ಹೋಗಿ, ಒಂದು ಕಾಲೇಜಿನ ಕೋಚ್‌ಗೆ ‘ನಿಮ್ಮದು’ ಎಂದು ಇನ್ನೊಂದು ಕಾಲೇಜನ್ನು ಹಾಡಿಹೊಗಳಿದ್ದ! ಅಲ್ಲಿಂದ ಉತ್ತರ ಬರಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ವಿಡಿಯೊ ಎರಡು ನಿಮಿಷ ಮೀರದಿದ್ದರೆ ಒಳ್ಳೆಯದು. ಚೆನ್ನಾಗಿರುವುದು ಮೊದಲ ಹದಿನೈದು ಸೆಕೆಂಡಿನಲ್ಲೇ ಬರಬೇಕು. ಸಂಗೀತ ಬೇಡ, ನಿಧಾನಗತಿ ಬೇಡ. ಬ್ಯಾಟಿಂಗನ್ನು ಪಕ್ಕದಿಂದಲೂ ಹಿಂದಿನಿಂದಲೂ, ಎಸೆತವನ್ನು ಎರಡನೇ ಬೇಸ್‌ವರೆಗೂ ಕತ್ತರಿಸದೆ ತೋರಿಸಬೇಕು. ಕತ್ತರಿಸಿದ ಕಡೆ ನೋಡುವವನಿಗೆ ಅನುಮಾನ ಹುಟ್ಟುತ್ತದೆ. ತಂಗಿಯ ಕೈಯಲ್ಲಿ ಫೋನು ಕೊಟ್ಟು, ತಂತಿ ಬೇಲಿಗೆ ಕಟ್ಟಿದ ಸ್ಟ್ಯಾಂಡಿನ ಸಹಾಯದಿಂದ ಒಂದು ಭಾನುವಾರ ಮುಗಿಸಿದೆವು. ಖರ್ಚು: ತಂಗಿಗೆ ಒಂದು ಐಸ್‌ಕ್ರೀಂ.

ಕ್ಯಾಂಪಿನ ಆಹ್ವಾನಗಳ ಬಗ್ಗೆ ಒಂದು ಎಚ್ಚರಿಕೆ. ಹುಡುಗ ಹನ್ನೊಂದನೇ ತರಗತಿಗೆ ಸೇರುವ ವರ್ಷದ ಆಗಸ್ಟ್ 1ಕ್ಕೆ ಮೊದಲು ಮೊದಲನೇ ಡಿವಿಷನ್‌ನ ಕೋಚ್‌ಗಳು ಅವನ ಜೊತೆ ಸೇರ್ಪಡೆಯ ಮಾತಾಡುವಂತಿಲ್ಲ, ಕ್ಯಾಂಪಿಗೆ ಕರೆಯಬಹುದು. ಹಾಗಾಗಿ ‘ಡಿಯರ್ ಅಥ್ಲೀಟ್’ ಎಂದು ಬರುವ ಪತ್ರ ಮದುವೆಮನೆಯ ಊಟದ ಎಲೆಯಲ್ಲ, ಹೋಟೆಲಿನ ಜಾಹೀರಾತು. ನಿಜವಾಗಿ ಬೇಕಾದವನ ಪತ್ರದಲ್ಲಿ ಹುಡುಗನ ಹೆಸರಿರುತ್ತದೆ, ಅವನ ವಿಡಿಯೊದ ಮಾತಿರುತ್ತದೆ. ಅಂಥ ಪತ್ರ ಬಂದ ಕಾಲೇಜಿನ ಕ್ಯಾಂಪಿಗೆ ಮಾತ್ರ ಹಣ ಕಟ್ಟಿ ಎಂದು ಅಕ್ಕನ ಮಗಳಿಗೆ ಹೇಳಿದೆ. ಬೇಸಿಗೆಯ ಆಟಕ್ಕೆ ದುಬಾರಿ ತಂಡದ ಬದಲು ಅಮೆರಿಕನ್ ಲೀಜನ್ ತಂಡಕ್ಕೆ ಹುಡುಗ ಸೇರಿದ. ಮಾಜಿ ಸೈನಿಕರ ಸಂಘ 1925ರಿಂದ ನಡೆಸುತ್ತಾ ಬಂದಿರುವ ಏರ್ಪಾಡು ಅದು. ಪಂದ್ಯಗಳು ಹೆಚ್ಚಾಗಿ ಸುತ್ತಮುತ್ತಲಿನ ಊರುಗಳಲ್ಲೇ.

ಮೊದಲು ಕೇಳಿದ್ದು ಮಾರ್ಕ್ಸ್ ಕಾರ್ಡು

28 ಪತ್ರಗಳಿಗೆ ಒಂಬತ್ತು ಉತ್ತರ ಬಂದವು. ಅವುಗಳಲ್ಲಿ ಐದು ನಿಜವಾದ ಉತ್ತರಗಳು. ಮೂರರಲ್ಲಿ ಕೋಚ್ ಕೇಳಿದ ಮೊದಲ ಪ್ರಶ್ನೆ ಪಾಪ್ ಟೈಮ್ ಅಲ್ಲ; ‘ನಿನ್ನ ಅಂಕಪಟ್ಟಿ ಕಳಿಸು’ ಎಂಬುದು! ನನಗೆ, ಮೇಷ್ಟ್ರಿಗೆ, ಒಳಗೊಳಗೇ ಸಂತೋಷವಾಯಿತು ಎಂದು ಮುಚ್ಚಿಡುವುದೇಕೆ?

ಕಾರಣ ಸರಳ. ಆಟದ ಹಣ ಕಡಿಮೆ ಇರುವ ಕೋಚ್‌ಗೆ, ಓದಿನ ಹಣ ತರಬಲ್ಲ ಹುಡುಗ ಅಗ್ಗ. ಒಳ್ಳೆಯ ಅಂಕವಿದ್ದರೆ ಕಾಲೇಜು ಬೇರೆ ಲೆಕ್ಕದಿಂದ ರಿಯಾಯಿತಿ ಕೊಡುತ್ತದೆ. ಅಂಕವಿಲ್ಲದಿದ್ದರೆ ದೊಡ್ಡ ಡಿವಿಷನ್‌ಗಳಲ್ಲಿ ಆಡುವ ಅರ್ಹತೆಗೇ ಕುತ್ತು. ಮೊದಲನೇ ಡಿವಿಷನ್‌ಗೆ ಹೈಸ್ಕೂಲಿನಲ್ಲಿ 16 ಮುಖ್ಯ ಪಾಠಕ್ರಮಗಳು ಬೇಕು. ಅವುಗಳಲ್ಲಿ 10 ಕೊನೆಯ ವರ್ಷ ಶುರುವಾಗುವ ಮೊದಲೇ ಮುಗಿದಿರಬೇಕು, ಅದರಲ್ಲೂ ಏಳು ಇಂಗ್ಲಿಷ್, ಗಣಿತ, ವಿಜ್ಞಾನದ್ದಾಗಿರಬೇಕು. ನಾಲ್ಕಕ್ಕೆ ಕನಿಷ್ಠ 2.3 ಸರಾಸರಿ. ಒಂಬತ್ತನೇ ತರಗತಿಯ ಬೀಜಗಣಿತವೂ ಲೆಕ್ಕಕ್ಕೆ ಬರುತ್ತದೆ. ಅದು ಆಗ ಯಾರ ಗಮನಕ್ಕೂ ಬಂದಿರುವುದಿಲ್ಲ.

ಹಣದ ವಿಷಯದಲ್ಲಿ ಅಕ್ಕನ ಮಗಳ ಮನೆಯವರಿಗೆ ಗೊತ್ತಿರದ ಒಂದು ಸಂಗತಿ ನಮಗೆ ಸಿಕ್ಕಿತು. ಸರ್ಕಾರದ ನೆರವು ಪಡೆಯುವ ಕಾಲೇಜುಗಳು, ಒಂದು ಮನೆಯ ಆದಾಯಕ್ಕೆ ನಿಜವಾಗಿ ಎಷ್ಟು ಫೀಸು ಬರುತ್ತದೆಂದು ಅಂದಾಜು ಹೇಳುವ ಲೆಕ್ಕಯಂತ್ರವನ್ನು ಇಟ್ಟಿರಬೇಕೆಂಬ ನಿಯಮ 2011ರಿಂದ ಇದೆ. ಕೋಚ್‌ನ ಜೊತೆ ಮಾತಾಡುವ ಮೊದಲೇ ಅದನ್ನು ನೋಡಿಬಿಡಬೇಕು. ನೆರವಿನ ಅರ್ಜಿ ಹಳೆಯ ವರ್ಷದ ಸಂಬಳ ಕೇಳುತ್ತದೆ. ಈಗ ಕೆಲಸ ಹೋಗಿದ್ದರೆ ದಾಖಲೆ ತೋರಿಸಿ ಮತ್ತೆ ಲೆಕ್ಕ ಹಾಕಿ ಎಂದು ಕಾಲೇಜನ್ನು ಕೇಳಬಹುದು. ನಮ್ಮವರು ಕೇಳಲು ಸಂಕೋಚಪಡುತ್ತಾರೆ. ಕೆಲಸ ಹೋದದ್ದನ್ನು ನೆಂಟರಿಗೇ ಹೇಳಿರುವುದಿಲ್ಲ! ಈ ಹುಡುಗ ಅಲ್ಲೇ ಹುಟ್ಟಿದ ಪ್ರಜೆ. ಎಚ್-1ಬಿ ವೀಸಾದವರ ಜೊತೆ ಬಂದ ಮಕ್ಕಳಿಗೆ ಕೇಂದ್ರ ಸರ್ಕಾರದ ನೆರವು ಸಿಗದು. ಕಾಲೇಜಿನದೇ ಹಣ ಏನಾದರೂ ಇದೆಯೇ ಎಂದು ಅವರು ಪ್ರತ್ಯೇಕವಾಗಿ ವಿಚಾರಿಸಬೇಕು.

ನಾನು ಮೇ ಕೊನೆಗೆ ಊರಿಗೆ ಬಂದೆ, ಶಾಲೆ ಶುರುವಾಯಿತು. ಸೆಪ್ಟೆಂಬರ್‌ನಲ್ಲಿ ಮೂರನೇ ಡಿವಿಷನ್‌ನ ಒಂದು ಕಾಲೇಜು ಹುಡುಗನನ್ನು ಕರೆಸಿ ಒಂದು ರಾತ್ರಿ ಹಾಸ್ಟೆಲ್ಲಿನಲ್ಲಿ ಉಳಿಸಿಕೊಂಡು ಕಳಿಸಿತು. ಇನ್ನೂ ಯಾವುದೂ ನಿಶ್ಚಯವಾಗಿರಲಿಲ್ಲ. ಫೀಸಿನ ಲೆಕ್ಕ ಸರಕಾರಿ ಕಾಲೇಜಿಗಿಂತ ಸ್ವಲ್ಪ ಮೇಲೆ ಬರುತ್ತಿತ್ತು. ಅಪ್ಪ-ಅಮ್ಮ ಕೂಡಿ ಕಳೆದು ನೋಡುತ್ತಿದ್ದರು. ಜೂನಿಯರ್ ಕಾಲೇಜಿನ ಒಬ್ಬ ಕೋಚ್ ಕೂಡ ಬಿಡದೆ ಫೋನ್ ಮಾಡುತ್ತಿದ್ದ.

ಅಕ್ಟೋಬರ್‌ನ ಒಂದು ಬೆಳಿಗ್ಗೆ, ನಾನು ಶಾಲೆಗೆ ಹೊರಟಿದ್ದಾಗ ಹುಡುಗನ ಫೋನ್ ಬಂತು. ಅವನಲ್ಲಿ ರಾತ್ರಿ.

‘ತಾತ, ಅಪ್ಪ ಇವತ್ತು ಸ್ಟಾಪ್‌ವಾಚಲ್ಲಿ 1.99 ಅಂದ್ರು.’

‘ನೀನು ಚಿತ್ರ ಎಣಿಸಿದೆಯೇನೋ?’

‘ಎಣಿಸ್ದೆ. 508 ಬಂತು. ಅಪ್ಪನಿಗೆ ಹೇಳಿಲ್ಲ, ಖುಷಿಯಾಗಿದಾರೆ.’

508ನ್ನು 240ರಿಂದ ಭಾಗಿಸಿದೆ. 2.12.